ಎಂಟನೆಯ ದಿನ, ಏಳನೆಯ ದಿನ

ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ಭಾನುವಾರ ಸೇಂಟ್ ಪಯಸ್ ಚರ್ಚಿನ ಪೂಜೆಗೆ ಹೊರಟವರಿಗೂ, ಲಿಂಗರಾಜಪುರದ ಕಡೆಯ ಪ್ರಾರ್ಥನಾ ಮಂದಿರಗಳಿಗೆ ಹೊರಟವರಿಗೂ ‘ಒಡಂಬಡಿಕೆ’ ಹೊಸ ಮಾತಲ್ಲ. ಅವರ ಬೈಬಲಿನ ಎರಡು ಭಾಗಗಳಿಗೂ ಅದೇ ಹೆಸರು: ಒಂದು ಹಳೆಯದು, ಇನ್ನೊಂದು ಹೊಸದು. ಆದರೆ ಆ ಹಳೆಯದನ್ನು ಹಳೆಯದೆಂದೇ ಒಪ್ಪದೆ ಇವತ್ತಿಗೂ ಅದರ ಕಟ್ಟಿನೊಳಗೆ ಬದುಕುವ ಯೆಹೂದ್ಯರಿದ್ದಾರೆ. ಅವರ ಪಾಲಿಗೆ ಒಡಂಬಡಿಕೆ ಎಂದರೆ ದೇವರೂ ಒಂದು ಜನಾಂಗವೂ ಪರಸ್ಪರ ಕೊಟ್ಟುಕೊಂಡ ಮಾತು. ಜನ ಹೇಗೋ ಹಾಗೆ ದೇವರೂ ಅದಕ್ಕೆ ಕಟ್ಟುಬಿದ್ದವನು.

ಇದು ಎಂಥ ವಿಚಿತ್ರ ಕಲ್ಪನೆ ಎಂಬುದು ತಿಳಿಯಬೇಕಾದರೆ ನಮ್ಮ ದಾನಶಾಸನಗಳನ್ನು ನೆನೆಯಬೇಕು. ಮೊದಲು ದಾನಿಯ ವಂಶ, ಪರಾಕ್ರಮ. ಆಮೇಲೆ ಕೊಟ್ಟದ್ದೇನು, ಯಾವ ಕಟ್ಟಳೆಗೆ ಎಂಬ ವಿವರ. ಸೂರ್ಯಚಂದ್ರರಿರುವ ತನಕ ನಡೆಯಲಿ ಎಂಬ ಹಾರೈಕೆ. ಕೊನೆಗೆ, ಅಳಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಕ್ರಿಸ್ತಪೂರ್ವ 14–13ನೇ ಶತಮಾನದ ಹಿಟ್ಟೈಟ್ ಅರಸರು ಸಾಮಂತರೊಡನೆ ಮಾಡಿಕೊಂಡ ಒಪ್ಪಂದಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವು. ಸೀನಾಯಿ ಬೆಟ್ಟದ ಒಡಂಬಡಿಕೆಯೂ ಅದೇ ಅಚ್ಚಿನದೆಂದು ಜಾರ್ಜ್ ಮೆಂಡೆನ್‌ಹಾಲ್ 1954ರಲ್ಲಿ ವಾದಿಸಿದರು. ಹತ್ತು ಆಜ್ಞೆಗಳು ಶುರುವಾಗುವುದೇ ಈಜಿಪ್ಟಿನ ಜೀತದಿಂದ ನಿಮ್ಮನ್ನು ಬಿಡಿಸಿದವನು ನಾನು ಎಂಬ ಪೂರ್ವಕಥೆಯಿಂದ. ಮೋಶೆ ಆಕಾಶವನ್ನೂ ಭೂಮಿಯನ್ನೂ ಸಾಕ್ಷಿಗೆ ಕರೆಯುತ್ತಾನೆ. ನಡೆದುಕೊಂಡರೆ ಆಶೀರ್ವಾದ, ತಪ್ಪಿದರೆ ಶಾಪ. ಆದರೆ ಉಳಿದೆಡೆ ಅರಸರ ಮಾತಿಗೆ ದೇವತೆಗಳು ಸಾಕ್ಷಿ ನಿಂತರೆ, ಇಲ್ಲಿ ದೇವರೇ ಪಕ್ಷಗಾರ.

ಆದಿಕಾಂಡದ 15ನೇ ಅಧ್ಯಾಯದಲ್ಲಿ ಈ ಕಲ್ಪನೆ ಕಣ್ಣಿಗೆ ಕಟ್ಟುತ್ತದೆ. ಅಬ್ರಹಾಮ ಮೂರು ವರ್ಷದ ಕಡಸು, ಆಡು, ಟಗರುಗಳನ್ನು ಸೀಳಿ ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ. ಹಕ್ಕಿಗಳನ್ನು ಮಾತ್ರ ಸೀಳುವುದಿಲ್ಲ. ಹದ್ದುಗಳು ಎರಗುತ್ತವೆ, ಅವನು ಓಡಿಸುತ್ತಾ ಕೂರುತ್ತಾನೆ. ಹೊತ್ತು ಮುಳುಗುವಾಗ ಗಾಢ ನಿದ್ದೆ ಬರುತ್ತದೆ. ಕತ್ತಲಲ್ಲಿ ಹೊಗೆಯಾಡುವ ಒಲೆ, ಉರಿಯುವ ಪಂಜು ಹೋಳುಗಳ ನಡುವೆ ಹಾದುಹೋಗುತ್ತವೆ. ಆ ಕಾಲದ ರೂಢಿಯಲ್ಲಿ ಹೋಳುಗಳ ನಡುವೆ ನಡೆಯುವುದೆಂದರೆ, ಮಾತಿಗೆ ತಪ್ಪಿದರೆ ನನಗೂ ಈ ಗತಿ ಬರಲಿ ಎಂದು ತನ್ನನ್ನೇ ಶಪಿಸಿಕೊಳ್ಳುವುದು; ಯೆರೆಮೀಯನ ಗ್ರಂಥದಲ್ಲಿ ಅದಕ್ಕೆ ಆಧಾರವಿದೆ. ಇಲ್ಲಿ ನಡೆದದ್ದು ದೇವರೊಬ್ಬನೇ. ಅಬ್ರಹಾಮ ನಿದ್ದೆಯಲ್ಲಿದ್ದ.

ಸೀನಾಯಿಯಲ್ಲಿ ಜನರೂ ಎಚ್ಚರವಾಗಿದ್ದರು, ಹೊಣೆಯೂ ಬಿತ್ತು. ‘ಆಯ್ದ ಜನ’ ಎಂದೊಡನೆ ನಮಗೆ ಜಂಭದ ವಾಸನೆ ಬರುತ್ತದೆ. ಪ್ರವಾದಿ ಆಮೋಸನ ಲೆಕ್ಕವೇ ಬೇರೆ: ನಿಮ್ಮನ್ನು ಮಾತ್ರ ಆಪ್ತವಾಗಿ ಅರಿತಿದ್ದೇನೆ, ಅದಕ್ಕೇ ನಿಮ್ಮ ತಪ್ಪಿಗೆಲ್ಲ ದಂಡ ವಿಧಿಸುತ್ತೇನೆ ಎಂಬುದು ಅವನ ಬಾಯಲ್ಲಿ ದೇವರ ಮಾತಿನ ತಾತ್ಪರ್ಯ. ಉಳಿದ ಮನುಕುಲವೇನೂ ಹೊರಗಿಲ್ಲ. ಪ್ರಳಯದ ನಂತರ ನೋಹನ ಮೂಲಕ ಎಲ್ಲ ಜೀವಿಗಳೊಡನೆಯೂ ಒಡಂಬಡಿಕೆಯಾಗಿದೆ. ಅದರ ಗುರುತು ಕಾಮನಬಿಲ್ಲು.

ಇಷ್ಟಾದರೂ ಒಂದು ತಕರಾರು ಉಳಿಯಿತು, ಎತ್ತಿದವರೂ ಯೆಹೂದ್ಯ ಪಂಡಿತರೇ. ಅವರ ಧರ್ಮಗ್ರಂಥವಾದ ತಾಲ್ಮುಡ್‌ನ ಒಂದು ಕಥೆಯಲ್ಲಿ ದೇವರು ಬೆಟ್ಟವನ್ನೇ ಜನರ ತಲೆಯ ಮೇಲೆ ಪೀಪಾಯಿಯಂತೆ ಕವುಚಿ ಹಿಡಿದು, ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲೇ ನಿಮ್ಮ ಗೋರಿ ಎನ್ನುತ್ತಾನೆ. ಹೆದರಿಸಿ ಬರೆಸಿಕೊಂಡ ಪತ್ರ ಊರ್ಜಿತವೇ ಎಂದು ಅಲ್ಲೇ ಒಬ್ಬರು ಕೇಳುತ್ತಾರೆ. ಎಸ್ತೇರಳ ಕಾಲದಲ್ಲಿ ಜನ ತಾವಾಗಿಯೇ ಮತ್ತೆ ಒಪ್ಪಿಕೊಂಡರು ಎಂದು ರಾವ ಎಂಬ ಪಂಡಿತ ಉತ್ತರ ಕೊಡುತ್ತಾನೆ. ದೇವರ ಪತ್ರದಲ್ಲೇ ಲೋಪ ಹುಡುಕಿ, ಅದನ್ನೂ ಧರ್ಮಗ್ರಂಥದಲ್ಲಿ ಬರೆದಿಟ್ಟುಕೊಂಡ ಈ ಗುಣ ನನಗೆ ಬಹಳ ಹಿಡಿಸುತ್ತದೆ. ಇಂದು ಇಲ್ಲಿ ಇಲ್ಲದವರಿಗೂ ಇದು ಅನ್ವಯ ಎನ್ನುತ್ತದೆ ಧರ್ಮೋಪದೇಶಕಾಂಡ. ಹುಟ್ಟದವರ ಪರವಾಗಿ ಸಹಿ ಹಾಕಲು ಅಪ್ಪಂದಿರಿಗೆ ಏನು ಹಕ್ಕು ಎಂಬ ಪ್ರಶ್ನೆಯನ್ನು 15ನೇ ಶತಮಾನದ ಸ್ಪೇನಿನ ಪಂಡಿತ ಅಬರ್ಬನೆಲ್ ಕೂಡ ಕೈಗೆತ್ತಿಕೊಂಡ.

ಸಹಿ ತಲೆಮಾರಿನಿಂದ ತಲೆಮಾರಿಗೆ ದಾಟುವ ಬಗೆಯನ್ನು ನೋಡಲು ಸ್ಪೇನಿಗೆ ಹೋಗಬೇಕಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯೆಹೂದ್ಯರ ಸ್ಮಶಾನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ಜಾಗ ಅದು. ಪಡೆದವರಲ್ಲಿ ಒಬ್ಬರು ಸುಬೇದಾರ್ ಸ್ಯಾಮುಯೆಲ್ ನಾಗಾಂವ್ಕರ್. ಊರಿನ ಯೆಹೂದ್ಯರೆಲ್ಲ ಒಂದೇ ಮೂಲದವರಲ್ಲ: ಕಮರ್ಷಿಯಲ್ ಸ್ಟ್ರೀಟಿನಲ್ಲಿ ಶೂ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಇರಾಕಿನ ಮೂಲದವರು. ನಾಗಾಂವ್ಕರ್ ಕೊಂಕಣದ ಬೆನೆ ಇಸ್ರೇಲ್ ಸಮುದಾಯದವರು. ಈ ಸಮುದಾಯದ ಕಥೆಯೇ ಕಥೆ. ಹೀಬ್ರೂ ಮರೆತಿತ್ತು, ಗ್ರಂಥಗಳಿರಲಿಲ್ಲ, ಮಾತು ಮರಾಠಿ, ಕಸುಬು ಎಣ್ಣೆ ತೆಗೆಯುವುದು. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಇಟ್ಟ ಹೆಸರು ಶನಿವಾರ ತೇಲಿ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ. ನಾಲಿಗೆಯ ಮೇಲೆ ಉಳಿದಿದ್ದದ್ದು ‘ಶೆಮಾ’ ಎಂಬ ಒಂದೇ ಪ್ರಾರ್ಥನೆ. ಡೇವಿಡ್ ರಹಾಬಿ ಎಂಬ ಹೊರಗಿನ ಯೆಹೂದ್ಯ ಅಲ್ಲಿನ ಹೆಂಗಸರಿಗೆ ಬಗೆಬಗೆಯ ಮೀನು ಕೊಟ್ಟು ಅಡುಗೆ ಮಾಡಲು ಹೇಳಿದನಂತೆ. ಅವರು ಈಜುರೆಕ್ಕೆ, ಹುರುಪೆ ಇಲ್ಲದ ನಿಷಿದ್ಧ ಮೀನುಗಳನ್ನು ಬದಿಗೆ ತೆಗೆದಿಟ್ಟಾಗ, ಇವರು ನಮ್ಮವರೇ ಎಂದು ಗುರುತಿಸಿದನೆಂದು ಸಮುದಾಯದ ಐತಿಹ್ಯ.

ಏನು ಉಳಿಯಿತೆಂಬುದನ್ನು ಗಮನಿಸಿ. ಕಾಮನಬಿಲ್ಲು ಲೋಕಕ್ಕೆಲ್ಲ ಗುರುತಾದರೆ, ಇಸ್ರೇಲಿನ ಒಡಂಬಡಿಕೆಗೆಂದೇ ಯೆಹೂದ್ಯರ ಮೂಲಗ್ರಂಥ ತೋರಾ ಹೆಸರಿಸುವ ಗುರುತುಗಳು ಇವೇ: ಅಬ್ರಹಾಮನಿಗೆ ಸುನ್ನತಿ, ಸೀನಾಯಿಯಲ್ಲಿ ಸಬ್ಬತ್ ಎಂಬ ಏಳನೆಯ ದಿನದ ಬಿಡುವು. ಪತ್ರ ಕಳೆದುಹೋದರೂ ಮೊಹರು ಉಳಿಯಿತು. ಯೆಹೂದ್ಯ ಒಡಂಬಡಿಕೆ ಮೊದಲಿಗೆ ನಂಬುವ ಸಂಗತಿಯಲ್ಲ, ಮಾಡುವ ಸಂಗತಿ ಎಂದು ಪಂಡಿತರು ಪುಟಗಟ್ಟಲೆ ಬರೆದಿರಬಹುದು. ವಾರಕ್ಕೊಂದು ದಿನ ನಿಂತ ಗಾಣಕ್ಕಿಂತ ಗಟ್ಟಿ ಪುರಾವೆ ನನಗೆ ಕಾಣದು.

ವಿಪರ್ಯಾಸ ಆಮೇಲೆ ಬಂತು. 1948ರ ನಂತರ ಈ ಜನರಲ್ಲಿ ಬಹುಪಾಲು ಇಸ್ರೇಲಿಗೆ ಹೋದರು. ಅವರೊಡನೆ ಮದುವೆ ಸಂಬಂಧ ಬೆಳೆಸುವ ಮುನ್ನ ವಂಶದ ಹಿನ್ನೆಲೆ ವಿಚಾರಿಸಬೇಕೆಂದು ಅಲ್ಲಿನ ಮುಖ್ಯ ರಬ್ಬಿಗಳ ಮಂಡಳಿ 1960ರ ದಶಕದ ಆರಂಭದಲ್ಲಿ ಸೂಚನೆ ಹೊರಡಿಸಿತು. ಗ್ರಂಥ ಇಟ್ಟುಕೊಂಡವರು ಗುರುತು ಇಟ್ಟುಕೊಂಡವರ ಬಳಿ ದಾಖಲೆ ಕೇಳಿದರು. ಬೆನೆ ಇಸ್ರೇಲಿಗಳು ಧರಣಿ ಕೂತರು. ಅವರು ಎಲ್ಲ ವಿಧದಲ್ಲೂ ಯೆಹೂದ್ಯರೇ ಎಂದು 1964ರಲ್ಲಿ ಇಸ್ರೇಲಿನ ಸಂಸತ್ತು ಹೇಳಬೇಕಾಯಿತು.