ನೆಲವೇ ಡೊಂಕಾಗಿದ್ದರೆ?

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕಿಂತ ಹೆಚ್ಚು ಸಲ ನಾನೇ ಹೇಳಿದ್ದೇನೆ. ಕಾವಲಿ ಸರಿಯಿಲ್ಲ ಎಂದ ಮಗಳಿಗೆ ಹೇಳಿದ್ದೇನೆ, ಕತ್ತರಿ ಮೊಂಡು ಎಂದ ತಂಗಿಗೆ ಹೇಳಿದ್ದೇನೆ. ಆದರೆ ನೆಲ ನಿಜಕ್ಕೂ ಡೊಂಕಾಗಿದ್ದರೆ ಏನು ಮಾಡಬೇಕೆಂದು ಗಾದೆ ಕಟ್ಟಿದವರು ಹೇಳಲಿಲ್ಲ. ಮಗಳ ಗಿಟಾರು ಮನೆಗೆ ಬರುವ ತನಕ ನಾನೂ ಕೇಳಿರಲಿಲ್ಲ.

ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಸಂಜೆ ಹೊತ್ತು ಗೆಳತಿಯರೊಡನೆ ವಾದ್ಯ ನುಡಿಸುತ್ತಾಳೆ. ಹೋದ ವರ್ಷ ದಸರಾ ರಜಕ್ಕೆ ಚನ್ನಪಟ್ಟಣಕ್ಕೆ ಬಂದಾಗ ಬೆನ್ನ ಮೇಲೊಂದು ಉದ್ದನೆಯ ಕರಿಯ ಚೀಲ. ಒಳಗಿದ್ದುದು ಆರು ತಂತಿಯ ಬಾಸ್ ಗಿಟಾರು. ಹಾಡಿನ ತಳದಲ್ಲಿ ಗುಂಯ್ ಎನ್ನುವ ದಪ್ಪ ದನಿ ಇರುತ್ತದಲ್ಲ, ಅದನ್ನು ಹೊರಡಿಸುವ ವಾದ್ಯ. ಸಾಮಾನ್ಯವಾಗಿ ಅದಕ್ಕೆ ನಾಲ್ಕೇ ತಂತಿ. ಅಮೆರಿಕದ ಆಂಟನಿ ಜಾಕ್ಸನ್ ಎಂಬ ವಾದಕ ತನಗೆ ಇನ್ನೂ ಕೆಳಗಿನ, ಇನ್ನೂ ಮೇಲಿನ ಸ್ವರಗಳು ಬೇಕೆಂದು ಹಟ ಹಿಡಿದು, 1975ರಲ್ಲಿ ಕಾರ್ಲ್ ಥಾಂಪ್ಸನ್ ಎಂಬ ಕುಶಲಕರ್ಮಿಯಿಂದ ಆರು ತಂತಿಯದನ್ನು ಮಾಡಿಸಿಕೊಂಡನಂತೆ. ಅಷ್ಟಕ್ಕೇ ತೃಪ್ತನಾಗದೆ, ಆಮೇಲೆ ವರ್ಷಗಟ್ಟಲೆ ಬೇರೆ ಬೇರೆಯವರಿಂದ ಮಾಡಿಸುತ್ತಲೇ ಹೋದನಂತೆ. ಅವನನ್ನು ಯಾರೂ ‘ನೆಲ ಡೊಂಕು ಅನ್ನುತ್ತಾನೆ’ ಎಂದು ಆಡಿಕೊಳ್ಳಲಿಲ್ಲ ನೋಡಿ!

ನನ್ನ ಮಗಳದು ಕೈಬದಲಾದ ಹಳೆಯ ಗಿಟಾರು. ಎರಡು ದಿನ ನುಡಿಸುವಷ್ಟರಲ್ಲಿ ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೂತಳು. ‘ಹುಡುಗಿಯರ ಕೈ ಚಿಕ್ಕದು, ನಾಲ್ಕು ತಂತಿಯದು ಸಾಕು ಅಂತಾರಮ್ಮ’ ಎಂದಳು. ನನಗೂ ಹಾಗೇ ಅನ್ನಿಸಿತು. ನಾಲ್ಕು ತಂತಿಯ ಗಿಟಾರಿನ ಕುತ್ತಿಗೆ ತುದಿಯಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಅಗಲವಿದ್ದರೆ, ಇದರದು ಐದನ್ನೂ ದಾಟುತ್ತದೆ. ‘ಆಗದಿದ್ದರೆ ಬಿಡು, ಎಲ್ಲಕ್ಕೂ ಹಟ ಮಾಡಬಾರದು’ ಎಂದೆ. ನನ್ನ ಬಾಯಿಗೆ ಇಂಥ ಮಾತು ಬಹಳ ಬೇಗ ಬರುತ್ತದೆ.

ಅವಳು ಬಿಡಲಿಲ್ಲ. ಬೆಂಗಳೂರಿಗೆ ಹಿಂತಿರುಗಿದ ಮೇಲೆ ಗಿಟಾರು ರಿಪೇರಿ ಮಾಡುವವರೊಬ್ಬರ ಹತ್ತಿರ ಒಯ್ದಳು. ಅವರು ಕೈ ನೋಡುವ ಮೊದಲು ವಾದ್ಯ ನೋಡಿದರು. ಪಟ್ಟಿಯನ್ನು ಅವಳ ಹೆಗಲಿಗೆ ಹಾಕಿಸಿ, ‘ಎರಡೂ ಕೈ ಬಿಡಿ’ ಎಂದರು. ಕೈ ಬಿಟ್ಟ ತಕ್ಷಣ ಗಿಟಾರಿನ ತಲೆ ನೆಲದ ಕಡೆಗೆ ವಾಲಿತು. ‘ನೋಡಿ, ನಿಮ್ಮ ಎಡಗೈ ಇಷ್ಟು ದಿನ ಇದನ್ನು ಎತ್ತಿ ಹಿಡಿದುಕೊಂಡಿತ್ತು. ಉಳಿದ ಶಕ್ತಿಯಲ್ಲಿ ನುಡಿಸುತ್ತಿದ್ದಿರಿ’ ಎಂದರಂತೆ. ಮಗಳು ಇದನ್ನು ಫೋನಿನಲ್ಲಿ ಹೇಳುವಾಗ ನಾನು ಒಲೆಯ ಮುಂದಿದ್ದೆ. ಒಲೆ ಆರಿಸಿ ಕೂತುಬಿಟ್ಟೆ. ಹಿಡಿದುಕೊಂಡಿರುವ ಕೈ ನುಡಿಸಲಾರದು. ನಮ್ಮಲ್ಲಿ ಎಷ್ಟು ಜನರ ಎಡಗೈ ಏನೇನನ್ನು ಬೀಳದಂತೆ ಹಿಡಿದುಕೊಂಡೇ ಸವೆದಿದೆಯೋ!

ಅವರು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಪಟ್ಟಿ ಸಿಕ್ಕಿಸುವ ಗುಂಡಿಯ ಜಾಗ ಬದಲಿಸಿದರು. ಹೆಗಲಿನಿಂದ ಜಾರದ ಅಗಲವಾದ ಚರ್ಮದ ಪಟ್ಟಿ ಹಾಕಿದರು. ತಲೆಯಲ್ಲಿದ್ದ ಭಾರದ ಬಿರಡೆಗಳನ್ನು ತೆಗೆದು ಹಗುರವಾದವನ್ನು ಕೂರಿಸಿದರು. ಗಿಟಾರಿನ ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಆರು ತಂತಿ ಒಂದೇ ಕಡೆಗೆ ಜಗ್ಗಿದಾಗ ಮರ ಬಾಗದಂತೆ ಅದು ತಡೆಯುತ್ತದೆ. ಅದನ್ನು ತಿರುಗಿಸಿ ಕುತ್ತಿಗೆಯ ಬಾಗು ಸರಿಮಾಡಿ, ತಂತಿಗಳನ್ನು ಕೆಳಗಿಳಿಸಿದರು. ಮಣಿಕಟ್ಟಿನ ನೋವು ತಿಂಗಳಲ್ಲಿ ಹೋಯಿತು. ಕೈ ಇದ್ದಷ್ಟೇ ಇತ್ತು.

ಈ ಕತೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಟ್ಟದ ಮೇಲೆ ನನ್ನ ವೀಣೆ ಇತ್ತು.

ನನ್ನ ತವರು ಮಾಗಡಿ. 1988ರಲ್ಲಿ ಮದುವೆಯಾಗಿ ಬಂದಾಗ ವೀಣೆಯೂ ನನ್ನ ಜೊತೆ ರಾಮನಗರದ ಮೇಲೆ ಬಸ್ಸಿನಲ್ಲಿ, ಹಳೇ ಸೀರೆ ಸುತ್ತಿಸಿಕೊಂಡು, ನನ್ನ ತೊಡೆಯ ಮೇಲೇ ಬಂತು. ಎರಡು ವರ್ಷ ನುಡಿಸಿದೆ. ಬರಬರುತ್ತಾ ತಂತಿ ಒತ್ತಿದರೆ ಬೆರಳು ಕಡಿಯುವಂತಾಯಿತು, ಗಮಕ ಎಳೆದರೆ ಸ್ವರ ತಪ್ಪತೊಡಗಿತು. ಪಾಠಕ್ಕೆ ಹೋಗುತ್ತಿದ್ದಲ್ಲಿ ‘ಸಂಸಾರವಾದ ಮೇಲೆ ಕೈ ಬಿಗಿಯಾಗಿಬಿಡುತ್ತೆ’ ಎಂದರು. ಮನೆಯಲ್ಲಿ ಅದೇ ಗಾದೆ. ನಂಬಿದೆ. ವೀಣೆ ಅಟ್ಟ ಸೇರಿತು.

ಮಗಳ ಫೋನು ಬಂದ ವಾರದಲ್ಲೇ ವೀಣೆ ಇಳಿಸಿ, ಮೈಸೂರಿನಿಂದ ಮೇಳ ಕಟ್ಟುವವರನ್ನು ಕರೆಸಿದೆ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಗಿಟಾರಿನಂತೆ ಮರಕ್ಕೆ ಬಿಗಿದವಲ್ಲ. ಮಸಿ ಬೆರೆಸಿದ ಮೇಣದ ಮೇಲೆ ಕೂತವು. ಬೇಸಗೆಗೆ ಮೇಣ ಮೆತ್ತಗಾಗುತ್ತದೆ, ಬೆರಳ ಒತ್ತಡಕ್ಕೆ ಮೆಟ್ಟಿಲು ಕೂದಲೆಳೆಯಷ್ಟು ಕುಸಿಯುತ್ತದೆ. ಅದಕ್ಕೇ ಆಗಾಗ ಮೇಣ ತೆಗೆದು, ಕಿವಿಯಲ್ಲಿ ಸ್ವರ ಹಿಡಿದು, ಒಂದೊಂದನ್ನೂ ಮತ್ತೆ ಕೂರಿಸಬೇಕು. ಬಂದವರು ದಂಡಿಯ ಮೇಲೆ ಕಣ್ಣು ಹಾಯಿಸಿ, ‘ನಡುವಿನ ಮೆಟ್ಟಿಲೆಲ್ಲ ತಗ್ಗಿಬಿಟ್ಟಿದೆಯಮ್ಮ. ಇದರ ಮೇಲೆ ಯಾರು ನುಡಿಸಿದರೂ ಬೆರಳು ಕಡಿಯುತ್ತೆ’ ಎಂದರು. ಮೂವತ್ತೈದು ವರ್ಷ! ಮೇಳ ಕಟ್ಟಿಸಲು ಹಿಡಿದದ್ದು ಎರಡು ದಿನ.

ನಮ್ಮ ಬೀದಿಯಲ್ಲೇ ಬೊಂಬೆ ಕಡೆಯುವವರೊಬ್ಬರಿದ್ದಾರೆ. ಹೊಸ ಉಳಿ ತಂದರೆ ಅವರು ಮೊದಲು ಹಾಲೆ ಮರದ ತುಂಡಿನಲ್ಲಿ ತಮ್ಮ ಮುಷ್ಟಿಗೆ ತಕ್ಕ ಹಿಡಿ ಕಡೆದುಕೊಳ್ಳುತ್ತಾರೆ. ಬೊಂಬೆ ಆಮೇಲೆ. ಉಳಿಗೆ ತಕ್ಕಂತೆ ಮುಷ್ಟಿಯನ್ನು ಬದಲಿಸಿಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅದು ನಮಗೆ ಮಾತ್ರ ಹೇಳಿಕೊಟ್ಟ ಪಾಠ.

ಹಾಗೆಂದು ಹೊಂದಾಣಿಕೆಯೇ ತಪ್ಪೆಂದು ನಾನು ಹೇಳಲಾರೆ. ಮಗಳೂ ಒಮ್ಮೆ ಆಸೆಗೆ ಬಿದ್ದು, ಇನ್ನಷ್ಟು ಸುಲಭವಾಗಲಿ ಎಂದು ತಂತಿಗಳನ್ನು ತೀರಾ ಕೆಳಗಿಳಿಸಿದಳು. ತಂತಿ ಲೋಹದ ಪಟ್ಟಿಗಳಿಗೆ ತಾಗಿ ಬರೀ ಗೊರಗೊರ ಸದ್ದು. ಕುತ್ತಿಗೆಯನ್ನು ಕೋಲಿನಂತೆ ನೇರ ಮಾಡಿದರೂ ಹಾಗೆಯೇ ಆಗಬಹುದಂತೆ. ತಂತಿ ಬೀಸಿ ಆಡಲು ಕುತ್ತಿಗೆಗೆ ತುಸು ಬಾಗು ಬೇಕು. ಬೆರಳಿಗೂ ತುಸು ಶ್ರಮ ಬೇಕು. ಯಾವ ಪ್ರತಿರೋಧವೂ ಇಲ್ಲದ ಕಡೆ ನಾದವೂ ಇಲ್ಲ. ಆದರೆ ಆ ಬಾಗು ಎಷ್ಟೆಂದು ಅಳೆದು ಇಡಬೇಕು. ಅಳೆಯದೆ ಬಗ್ಗಿಸಿದ್ದಕ್ಕೆ ಹೊಂದಾಣಿಕೆ ಎಂಬ ಹೆಸರು ಸಲ್ಲದು. ಒಮ್ಮೆ ಅಳೆದರೂ ಸಾಲದು, ಮಳೆಗಾಲಕ್ಕೆ ಮರ ಉಬ್ಬುತ್ತದೆ, ಬೇಸಗೆಗೆ ಮೇಣ ಕುಸಿಯುತ್ತದೆ. ಮತ್ತೆ ಮತ್ತೆ ನೋಡುತ್ತಿರಬೇಕು.

ಇಷ್ಟೆಲ್ಲ ಬರೆಯಲು ನನಗೆ ಅಧಿಕಾರವಿದೆಯೇ ಎಂದು ಕೇಳಿಕೊಳ್ಳುತ್ತೇನೆ. ಬಹಳ ಹಿಂದೆ, ಕನಕಪುರಕ್ಕೆ ಕೊಟ್ಟಿದ್ದ ನನ್ನ ತಂಗಿ ಒಂದು ಸಂಜೆ ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದಳು. ‘ಅಲ್ಲಿ ಆಗಲ್ಲಕ್ಕಾ’ ಎಂದಳು. ಏನು ಆಗುವುದಿಲ್ಲ, ಎಲ್ಲಿ ನೋಯುತ್ತದೆ ಎಂದು ನಾನು ಕೇಳಲಿಲ್ಲ. ಕಾಫಿ ಕೊಟ್ಟೆ. ‘ಹೊಂದಿಕೊಂಡು ಹೋಗಬೇಕಮ್ಮ’ ಎಂದೆ. ಮರುದಿನ ಬೆಳಿಗ್ಗೆ ನಾನೇ ಬಸ್ಸು ಹತ್ತಿಸಿದೆ. ಅವಳು ಹೊಂದಿಕೊಂಡಳು. ಆ ಮೇಲೆ ನನ್ನ ಹತ್ತಿರ ಯಾವ ಮಾತನ್ನೂ ಹೇಳಿಕೊಳ್ಳಲಿಲ್ಲ.

ಈಗ ಬೆಳಿಗ್ಗೆ ಅರ್ಧ ಗಂಟೆ ವೀಣೆ ಹಿಡಿಯುತ್ತೇನೆ. ಮೇಳ ಸರಿಯಾಗಿದೆ, ಆದರೆ ಬೆರಳಿಗೆ ವಯಸ್ಸಾಗಿದೆ. ಸ್ವರ ತಪ್ಪಿದರೆ ಈಗ ನನ್ನದೇ ತಪ್ಪು ಎಂದು ನೆಮ್ಮದಿಯಿಂದ ಒಪ್ಪಿಕೊಳ್ಳಬಲ್ಲೆ. ಹೋದ ತಿಂಗಳು ಕನಕಪುರಕ್ಕೆ ಫೋನು ಮಾಡಿ, ‘ಅವತ್ತು ಏನಾಗಿತ್ತು ಅಂತ ನಾನು ಕೇಳಲೇ ಇಲ್ಲ ಕಣೇ’ ಎಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ತಂಗಿ, ‘ಒಂದು ದಿನ ಬರ್ತೀನಿ, ಕೂತು ಹೇಳ್ತೀನಿ’ ಎಂದಳು. ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.