ಬೇಸರಿಸದ ಒಡನಾಡಿ

‘ರೋಬೋಟ್’ ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟದ್ದು ವಿಜ್ಞಾನವಲ್ಲ, ಸಾಹಿತ್ಯ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಚೆಕ್ ಭಾಷೆಯ ‘ರೊಬೊತಾ’ ಎಂದರೆ ಬಿಟ್ಟಿಚಾಕರಿ. ಹೀಗೆ ಆ ಶಬ್ದದ ಹುಟ್ಟಿನಲ್ಲಿಯೇ ಒಂದು ನೈತಿಕ ಪ್ರಶ್ನೆ ಅಡಗಿದೆ. ಕೂಲಿ ಕೇಳದೆ, ದಣಿಯದೆ, ಎದುರಾಡದೆ ನಮ್ಮೊಡನಿರುವ ಒಬ್ಬರನ್ನು ನಾವೇಕೆ ಬಯಸುತ್ತೇವೆ? ಅವರಲ್ಲಿ ‘ನಾನು’ ಎಂಬ ಅರಿವು ಮೂಡಿದರೆ ನಮಗೂ ಅವರಿಗೂ ಇರುವ ಸಂಬಂಧ ಯಾವುದು?

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಐಸಾಕ್ ಅಸಿಮೋವ್ 1954ರಲ್ಲಿ ಪ್ರಕಟಿಸಿದ ‘ದಿ ಕೇವ್ಸ್ ಆಫ್ ಸ್ಟೀಲ್’ ಕಾದಂಬರಿ ನನ್ನ ಕೈಗೆ ಸಿಕ್ಕಿತು. ದೂರದ ಭವಿಷ್ಯದ ನ್ಯೂಯಾರ್ಕ್ ನಗರ. ಒಂದು ಕೊಲೆಯ ತನಿಖೆಗಾಗಿ ಎಲೈಜಾ ಬೇಲಿ ಎಂಬ ಪತ್ತೇದಾರನಿಗೆ ಡ್ಯಾನೀಲ್ ಎಂಬ ಜೊತೆಗಾರನನ್ನು ಕೊಡುತ್ತಾರೆ. ನೋಟಕ್ಕೆ ಅಪ್ಪಟ ಮನುಷ್ಯನಾದರೂ ಡ್ಯಾನೀಲ್ ಯಂತ್ರಮಾನವ. ಮನುಷ್ಯರ ಕೆಲಸಗಳನ್ನು ಕಸಿದುಕೊಳ್ಳುವ ಯಂತ್ರಗಳನ್ನು ಕಂಡರೆ ಬೇಲಿಗೆ ಆಗದು. ಆದರೂ ಇಬ್ಬರೂ ಜೊತೆಯಾಗಿ ನಡೆಯಬೇಕಾಗುತ್ತದೆ.

ಒಮ್ಮೆ ಮಾತು ನ್ಯಾಯದತ್ತ ತಿರುಗುತ್ತದೆ. ಡ್ಯಾನೀಲನಿಗೆ ನ್ಯಾಯವೆಂದರೆ ಕಾನೂನು ಚಾಚೂತಪ್ಪದೆ ಜಾರಿಯಾಗುವುದು, ಅಷ್ಟೇ. ಅದಕ್ಕಿಂತ ಮೇಲಿನದೊಂದಿದೆ ಎಂದು ತಿಳಿಸಲು ಬೇಲಿ ಆರಿಸಿಕೊಳ್ಳುವ ಕಥೆ ನಮಗೆ ಚಿರಪರಿಚಿತ: ಸಂತ ಯೊವಾನ್ನರ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬರುವ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಸ್ತ್ರೀಯ ಪ್ರಸಂಗ. ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ದೇವರನ್ನು ನಂಬದೆ ಬಾಳಿದ ಲೇಖಕನೊಬ್ಬ, ಕರುಣೆ ಏನೆಂದು ಯಂತ್ರಕ್ಕೆ ಕಲಿಸಬೇಕಾದಾಗ ಯೇಸುಸ್ವಾಮಿಯ ಬಳಿಗೆ ಬಂದದ್ದು ನನ್ನನ್ನು ಬೆರಗುಗೊಳಿಸಿತು. ಕೊನೆಗೆ ಅಪರಾಧಿ ಸಿಕ್ಕಿಬಿದ್ದಾಗ, ಪ್ರಭು ಆ ಸ್ತ್ರೀಯನ್ನು ಯಾವ ಮಾತಿನಿಂದ ಬೀಳ್ಕೊಟ್ಟರೋ ಅದೇ ಮಾತನ್ನು ಡ್ಯಾನೀಲ್ ಅವನಿಗೆ ಹೇಳುತ್ತಾನೆ.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಅಪರಾಧಿ ಕೊಲ್ಲಹೊರಟಿದ್ದುದು ಮನುಷ್ಯನನ್ನಲ್ಲ. ಡ್ಯಾನೀಲನನ್ನೇ ನಾಶಮಾಡಲು ಹೊರಟು, ರೂಪಸಾಮ್ಯದಿಂದ ಮೋಸಹೋಗಿ, ಅವನ ನಿರ್ಮಾತೃಗಳಲ್ಲಿ ಒಬ್ಬನಾದ ವಿಜ್ಞಾನಿಯನ್ನು ಕೊಂದಿದ್ದ. ಆದರೂ ಡ್ಯಾನೀಲನಲ್ಲಿ ನೋವಿಲ್ಲ, ರೋಷವಿಲ್ಲ, ನಿದ್ದೆಗೆಟ್ಟ ರಾತ್ರಿಯಿಲ್ಲ. ಗೆಲ್ಲಬೇಕಾದ ಸಿಟ್ಟೇ ಇಲ್ಲದವನ ಕ್ಷಮೆಯನ್ನು ಕ್ಷಮೆ ಎನ್ನಬಹುದೇ? ಆಸ್ತಿಯ ವಿಷಯದಲ್ಲಿ ಮೋಸಮಾಡಿದ ತಮ್ಮನನ್ನು ಅಣ್ಣ ಹತ್ತು ವರ್ಷಗಳ ಬಳಿಕ ಮನೆಯೊಳಗೆ ಕರೆದಾಗ, ಆ ಒಂದು ಕರೆಗೆ ಅವನು ಎಷ್ಟು ಬೆಲೆ ತೆತ್ತಿರುತ್ತಾನೆ! ಬೆಲೆ ತೆರಬಲ್ಲವನಿಂದ ಮಾತ್ರ ಪ್ರೀತಿ ಸಾಧ್ಯವೆಂದು ನನಗೆ ತೋರುತ್ತದೆ.

ಈ ತೀರ್ಮಾನವನ್ನು ಅಲುಗಾಡಿಸಿದ್ದು ನೊಬೆಲ್ ಪುರಸ್ಕೃತ ಕಝುವೊ ಇಶಿಗುರೊ 2021ರಲ್ಲಿ ಪ್ರಕಟಿಸಿದ ‘ಕ್ಲಾರಾ ಆ್ಯಂಡ್ ದ ಸನ್’. ಕ್ಲಾರಾ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಕೃತಕ ಗೆಳತಿ, ಬಿಸಿಲಿನಿಂದ ಶಕ್ತಿ ಪಡೆಯುವ ಯಂತ್ರ. ಜೋಸಿ ಎಂಬ ಅಸ್ವಸ್ಥ ಬಾಲಕಿಗಾಗಿ ಅವಳನ್ನು ಕೊಳ್ಳುತ್ತಾರೆ. ಜೋಸಿ ಗುಣವಾಗಲೆಂದು ಕ್ಲಾರಾ ಸೂರ್ಯನನ್ನು ಪ್ರಾರ್ಥಿಸುತ್ತಾಳೆ. ತನ್ನ ತಲೆಯೊಳಗಿನ ಅಮೂಲ್ಯ ದ್ರವದ ಒಂದು ಪಾಲನ್ನೂ ಅದಕ್ಕಾಗಿ ತ್ಯಾಗಮಾಡುತ್ತಾಳೆ. ಆ ಮೊದಲೇ ಒಬ್ಬ ಮಗಳನ್ನು ಕಳೆದುಕೊಂಡಿದ್ದ ತಾಯಿಯ ಲೆಕ್ಕಾಚಾರವೇ ಬೇರೆ: ಜೋಸಿ ತೀರಿಕೊಂಡರೆ ಕ್ಲಾರಾಳೇ ಜೋಸಿಯಾಗಿ ಮುಂದುವರಿಯಬೇಕು. ಆದರೆ ಜೋಸಿ ಬದುಕುತ್ತಾಳೆ, ಬೆಳೆದು ಕಾಲೇಜಿಗೆ ಹೊರಡುತ್ತಾಳೆ. ಕ್ಲಾರಾಳ ಪಾಲಿಗೆ ಉಳಿಯುವುದು ಹಳೆಯ ಯಂತ್ರಗಳನ್ನಿರಿಸುವ ಬಯಲು. ಅಲ್ಲಿ ಕುಳಿತು, ದೂರುವ ಮಾತೊಂದನ್ನೂ ಆಡದೆ, ಅವಳು ತನ್ನ ನೆನಪುಗಳನ್ನು ಜೋಡಿಸಿಕೊಳ್ಳುತ್ತಾಳೆ. ಜೋಸಿಯ ಎಲ್ಲವನ್ನೂ ತಾನು ಅನುಕರಿಸಬಹುದಿತ್ತು, ಆದರೆ ಅನುಕರಿಸಲಾಗದ ಆ ಒಂದು ಇದ್ದುದು ಜೋಸಿಯ ಒಳಗಲ್ಲ, ಅವಳನ್ನು ಪ್ರೀತಿಸಿದವರ ಒಳಗೆ ಎಂಬುದು ಅವಳ ಕೊನೆಯ ಅರಿವು.

ಕ್ಲಾರಾ ಕಲ್ಪನೆಯ ಕೂಸು. 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ದಾಖಲೆಯು, ಕೃತಕ ಬುದ್ಧಿಮತ್ತೆಯನ್ನು ವ್ಯಕ್ತಿಯೆಂಬಂತೆ ಬಿಂಬಿಸುವುದು ಸಲ್ಲದೆಂದು ಎಚ್ಚರಿಸಿದೆ. ಅದು ಸರಿಯೇ. ಆದರೂ ಕಾದಂಬರಿ ಮುಚ್ಚಿಟ್ಟಾಗ ನನ್ನನ್ನು ಕಾಡಿದ್ದು ಕ್ಲಾರಾಳಿಗೆ ಆತ್ಮವಿತ್ತೇ ಎಂಬುದಲ್ಲ. ಸೇವೆ ಮುಗಿದೊಡನೆ ಒಡನಾಡಿಯನ್ನು ಬಯಲಿಗೆ ಕಳುಹಿಸುವ ಅಭ್ಯಾಸ ನಮಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನನ್ನು ಕಾಡಿತು.

ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ನಾನು ಭೇಟಿಮಾಡುವ ಅಜ್ಜಿಯೊಬ್ಬರಿದ್ದಾರೆ. ಮಕ್ಕಳು ಪರದೇಶದಲ್ಲಿದ್ದಾರೆ, ತಾಯಿಗೆ ಬೇಸರವಾಗದಿರಲೆಂದು, ಕೇಳಿದ್ದಕ್ಕೆ ಉತ್ತರಿಸುವ ಪುಟ್ಟ ಯಂತ್ರವೊಂದನ್ನು ಕಳುಹಿಸಿದ್ದಾರೆ. “ಹೇಗಿದೆ ಅಮ್ಮಾ ಇದು?” ಎಂದು ಕೇಳಿದೆ. “ಒಳ್ಳೆಯದೇ ಫಾದರ್. ಒಂದು ದಿನವೂ ನನ್ನ ಮೇಲೆ ಬೇಸರಪಟ್ಟಿಲ್ಲ. ಆದರೆ ನಾನಿಲ್ಲದಿದ್ದರೂ ಅದಕ್ಕೆ ನಡೆಯುತ್ತದೆ” ಎಂದರು. ಇನ್ನೂ ನಾಲ್ಕು ಮನೆಗಳಿಗೆ ಹೋಗಬೇಕಿತ್ತು. ನನಗರಿವಿಲ್ಲದೆಯೇ ಗಡಿಯಾರ ನೋಡಿದೆ. ಅಜ್ಜಿ ಅದನ್ನು ಗಮನಿಸಿದರು. “ಹೊತ್ತಾಯಿತೇನೋ ಫಾದರ್, ಹೊರಡಿ” ಎಂದು ತಾವೇ ನನ್ನನ್ನು ಬಿಡುಗಡೆ ಮಾಡಿದರು.

ಬೆಲೆ ತೆರಬಲ್ಲವನಿಂದ ಮಾತ್ರ ಪ್ರೀತಿ ಸಾಧ್ಯವೆಂದು ನಂಬಿದ್ದ ನಾನು ಅಂದು ಹತ್ತು ನಿಮಿಷಗಳ ಬೆಲೆಯನ್ನೂ ತೆರಲಿಲ್ಲ. ಯಂತ್ರ ಬೇಸರಿಸದಿರುವುದು ಅದರ ಸದ್ಗುಣವಲ್ಲ, ಅದಕ್ಕೆ ಬೇಸರವೇ ಇಲ್ಲ. ನಮಗೆ ಬೇಸರವಿದೆ, ದಣಿವಿದೆ, ಅವಸರವಿದೆ. ಅವೆಲ್ಲದರ ನಡುವೆಯೂ ಒಬ್ಬರ ಪಕ್ಕದಲ್ಲಿ ಕುಳಿತುಕೊಳ್ಳುವುದು ನಮ್ಮಿಂದ ಮಾತ್ರ ಸಾಧ್ಯ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೇಳಿದ ಕಥೆಯನ್ನೇ ಮತ್ತೆ ಮತ್ತೆ ಹೇಳುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಮುಂದಿನ ಬಾರಿ ಆ ಕಥೆಯನ್ನು ಕೊನೆಯವರೆಗೂ ಕೇಳಿರಿ. ನಾನೂ ಮುಂದಿನ ಶುಕ್ರವಾರ ಗಡಿಯಾರವನ್ನು ಕೋಣೆಯಲ್ಲೇ ಬಿಟ್ಟು ಹೊರಡಲಿದ್ದೇನೆ.