ಸುಳ್ಳು ನಂಬರು ಕೊಟ್ಟರೆ ಪಾಪವೇ?

2020ರ ಜುಲೈ ತಿಂಗಳ ಕೊನೆಯ ವಾರ ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಕೊರೋನಾ ದಿನದಿಂದ ದಿನಕ್ಕೆ ಏರುತ್ತಿತ್ತು. ಆಗ ಬಿಬಿಎಂಪಿ ಆಯುಕ್ತರು ಒಂದು ಲೆಕ್ಕ ಕೊಟ್ಟರು. ಪರೀಕ್ಷೆಯಲ್ಲಿ ಸೋಂಕು ಖಚಿತವಾದವರ ಪೈಕಿ 3,338 ಮಂದಿ ಎಲ್ಲಿದ್ದಾರೆಂದು ಗೊತ್ತಾಗುತ್ತಿಲ್ಲ, ಗಂಟಲು ದ್ರವ ಕೊಡುವಾಗ ಕೆಲವರು ತಪ್ಪು ಮೊಬೈಲ್ ನಂಬರು, ತಪ್ಪು ವಿಳಾಸ ಬರೆಸಿದ್ದಾರೆ ಎಂದರು. ಮರುವರ್ಷ ಎರಡನೆಯ ಅಲೆಯಲ್ಲಿಯೂ ಇದೇ ಕಥೆ. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದ ಕಂದಾಯ ಸಚಿವರು, ಸೋಂಕಿತರಲ್ಲಿ ಎರಡು ಮೂರು ಸಾವಿರ ಮಂದಿ ಫೋನ್ ಆಫ್ ಮಾಡಿ ಮನೆ ಬಿಟ್ಟು ಹೋಗಿದ್ದಾರೆ ಎಂದು ಹೇಳಬೇಕಾಯಿತು.

ಇವರು ಕಳ್ಳರೂ ಅಲ್ಲ, ದೇಶದ್ರೋಹಿಗಳೂ ಅಲ್ಲ. ನಮ್ಮ ನಿಮ್ಮಂಥ ಸಂಸಾರಸ್ಥರು. ನಮ್ಮ ಉಲ್ಲಾಳ, ಕೆಂಗೇರಿ, ವಿಜಯನಗರದ ಬೀದಿಗಳಲ್ಲಿಯೂ ಅಂಥವರು ಇದ್ದಿರಬಹುದು. ಹೋಟೆಲಿನ ಬಾಗಿಲಲ್ಲಿ, ಅಂಗಡಿಯಲ್ಲಿ, ದೇವಾಲಯದ ಮೆಟ್ಟಿಲ ಬಳಿ ಇಟ್ಟಿದ್ದ ಪುಸ್ತಕದಲ್ಲಿ ಹತ್ತು ಅಂಕಿಗಳ ಪೈಕಿ ಒಂದನ್ನು ಬೇಕೆಂದೇ ಬದಲಾಯಿಸಿ ಬರೆದವರು ಎಷ್ಟು ಮಂದಿಯೋ ದೇವರೇ ಬಲ್ಲ. ಆ ಕಾಲ ಮುಗಿಯಿತು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೊರೋನಾ ತುರ್ತುಸ್ಥಿತಿ ಕೊನೆಗೊಂಡಿತೆಂದು ಸಾರಿತು. ಆದರೆ ಅಂದು ಎದ್ದ ಪ್ರಶ್ನೆ ಹಾಗೆಯೇ ಉಳಿದಿದೆ. ಸುಳ್ಳು ನಂಬರು ಕೊಡುವುದು ಪಾಪವೇ? ಪಾಪವಾದರೆ ಅದು ಕೊಟ್ಟವನೊಬ್ಬನದೇ? ಸ್ವಲ್ಪ ಸಾವಧಾನವಾಗಿ ಯೋಚಿಸೋಣ.

ನಷ್ಟ ಯಾರಿಗೆ?

ಸಂಪರ್ಕ ಪತ್ತೆ ಎಂಬುದು ಹೊಸ ವಿದ್ಯೆಯಲ್ಲ. ಒಬ್ಬನಿಗೆ ಅಂಟುರೋಗ ಬಂದರೆ, ಅವನ ಜೊತೆ ಕೂತು ಉಂಡವರನ್ನು, ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರನ್ನು ಹುಡುಕಿ ಎಚ್ಚರಿಸುವುದು. ಕೊರೋನಾ ರೋಗಲಕ್ಷಣ ಕಾಣುವ ಮುಂಚೆಯೇ ಹರಡುತ್ತಿದ್ದುದರಿಂದ ಇಲ್ಲಿ ಒಂದೊಂದು ದಿನಕ್ಕೂ ಬೆಲೆ ಇತ್ತು. ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಪಾಲಿಕೆಯ ಸಿಬ್ಬಂದಿ ಬಿಸಿಲಿನಲ್ಲಿ ಮನೆ ಮನೆ ಅಲೆದು ಈ ಕೆಲಸ ಮಾಡಿದರು. 2020ರ ಜೂನ್ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕರ್ನಾಟಕದ ಸಂಪರ್ಕ ಪತ್ತೆ ಕಾರ್ಯವನ್ನು ಮೆಚ್ಚಿ, ಬೇರೆ ರಾಜ್ಯಗಳೂ ಇದನ್ನು ಅನುಸರಿಸಲಿ ಎಂದಿತು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಇದ್ದಾಳೆ. ಅವಳದು ವಠಾರದಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಮುದುಕರು. ಇಬ್ಬರಿಗೂ ಒಂದೇ ನಲ್ಲಿ, ಒಂದೇ ಮೆಟ್ಟಿಲು. ಜ್ವರ ಬಂತೆಂದು ಪರೀಕ್ಷೆ ಮಾಡಿಸಿದಳು, ಆದರೆ ನಂಬರು ತಪ್ಪು ಕೊಟ್ಟಳು. ವರದಿ ಬಂತು, ಫೋನ್ ಯಾರಿಗೋ ಹೋಯಿತು, ಅವಳಿಗೆ ಬರಲಿಲ್ಲ. ಅವಳ ಸುಳ್ಳಿನಿಂದ ಸರ್ಕಾರಕ್ಕೆ ಏನು ನಷ್ಟವಾಯಿತು? ಒಂದು ಲೆಕ್ಕ ತಪ್ಪಿತು, ಅಷ್ಟೇ. ನಿಜವಾದ ನಷ್ಟ ಆ ಮುದುಕರದು. ಅವರಿಗೆ ಎಚ್ಚರಿಕೆ ಹೇಳುವವರೇ ಇಲ್ಲದೆ ಹೋದರು.

ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ನಾವು ಕೋರ್ಟು ಕಚೇರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುತ್ತೇವೆ. ಮನುಷ್ಯರು ಒಬ್ಬರನ್ನೊಬ್ಬರು ನಂಬದೆ ಒಟ್ಟಿಗೆ ಬಾಳಲಾರರು, ಆದುದರಿಂದ ಸತ್ಯ ನುಡಿಯುವುದು ನಾವು ಪರರಿಗೆ ಸಲ್ಲಿಸಬೇಕಾದ ಋಣ ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಬಾಗಿಲ ಬಳಿಯ ಪುಸ್ತಕದಲ್ಲಿ ನಂಬರು ಬರೆಯುವಾಗ ನಾವು ತೀರಿಸುತ್ತಿದ್ದುದು ಇಂಥ ಋಣವನ್ನೇ. ನಮ್ಮ ಹಿಂದಿನ ಸಾಲಿನಲ್ಲಿ ಕೂತ, ಹೆಸರೂ ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ಅದು ಸಲ್ಲಬೇಕಿತ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಮೌನ ಬೇರೆ, ಸುಳ್ಳು ಬೇರೆ. ಕೇಳಿದವರಿಗೆಲ್ಲ ಎಲ್ಲ ಸತ್ಯವನ್ನೂ ಹೇಳಬೇಕೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ತಿಳಿಯುವ ಹಕ್ಕಿಲ್ಲದವನಿಗೆ ಸುಮ್ಮನಿರಬಹುದು. ನಂಬರು ಕೊಡಲು ಇಷ್ಟವಿಲ್ಲದವನು ಹೋಟೆಲಿಗೆ ಹೋಗದೆ ಮನೆಯಲ್ಲಿಯೇ ಕಾಫಿ ಕುಡಿಯಬಹುದಿತ್ತು. ಸುಳ್ಳು ನಂಬರು ಬರೆದು ಒಳಗೆ ಹೋದವನಾದರೋ ಉಳಿದವರಿಗೆ ಇಲ್ಲದ ಧೈರ್ಯ ಕೊಟ್ಟ ಹಾಗಾಯಿತು.

ಸುಳ್ಳು ಹೇಳಿಸಿದವರು ಯಾರು?

ಇಷ್ಟಕ್ಕೇ ನಿಲ್ಲಿಸಿದರೆ ಅದು ಅನ್ಯಾಯದ ಉಪದೇಶವಾದೀತು. ಆ ತಾಯಿ ಏಕೆ ಹೆದರಿದಳು ಎಂದೂ ಕೇಳಬೇಕಲ್ಲವೇ?

2020ರ ಮಾರ್ಚ್ ತಿಂಗಳಲ್ಲಿ, ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯದಲ್ಲಿ ಬಹಿರಂಗಪಡಿಸಲಾಯಿತು. ಹೆಸರು ಇರಲಿಲ್ಲ, ಮನೆ ವಿಳಾಸ ಇತ್ತು. ಅದು ವಾಟ್ಸಾಪಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಲಾಯಿತು. ರಾತ್ರಿಯ ಹೊತ್ತು ಬಿಟ್ಟು ಗಂಟೆಗೊಮ್ಮೆ ಸೆಲ್ಫಿ ತೆಗೆದು ಕಳಿಸಬೇಕೆಂಬ ನಿಯಮ ಬಂತು. ರೋಗಿಗಳ ಸೇವೆ ಮಾಡುತ್ತಿದ್ದ ವೈದ್ಯರನ್ನೂ ನರ್ಸುಗಳನ್ನೂ ಕೆಲವು ಮಾಲೀಕರು ಬಾಡಿಗೆ ಮನೆಯಿಂದ ಹೊರಹಾಕಲು ಹೋದದ್ದರಿಂದ, ಅಂಥವರ ಮೇಲೆ ಕ್ರಮ ಕೈಗೊಳ್ಳುವ ಆದೇಶವನ್ನೇ ಸರ್ಕಾರ ಹೊರಡಿಸಬೇಕಾಯಿತು. ಜುಲೈ ತಿಂಗಳಲ್ಲಿ ದೊಮ್ಮಲೂರಿನ ಒಂದು ವಸತಿ ಸಮುಚ್ಚಯದಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡಿನ ಶೀಟು ಬಡಿಯಲಾಯಿತು. ಆಯುಕ್ತರು ಅದನ್ನು ತೆಗೆಸಿ ಕ್ಷಮೆ ಕೇಳಿದರು. ಸೋಂಕಿತರ ಮನೆಯ ಮುಂದೆ ಮನಬಂದಂತೆ ಪೋಸ್ಟರ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ವರ್ಷದ ಡಿಸೆಂಬರ್ ತಿಂಗಳಲ್ಲಿ.

ನಮ್ಮ ಪಶ್ಚಿಮ ಬೆಂಗಳೂರಿನ ಪಾದರಾಯನಪುರದ ಘಟನೆಯನ್ನೂ ಮರೆಯುವಂತಿಲ್ಲ. 2020ರ ಏಪ್ರಿಲ್ 19ರ ರಾತ್ರಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ಗುಂಪು ಮುಗಿಬಿತ್ತು, ಬ್ಯಾರಿಕೇಡುಗಳನ್ನು ಕಿತ್ತೆಸೆಯಿತು. ಸೇವೆಗೆ ಹೋದವರ ಮೇಲೆ ಕೈಯೆತ್ತಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಮುಂಚಿನ ವಾರಗಳಲ್ಲಿ ರೋಗಕ್ಕೆ ಒಂದು ಧರ್ಮದ ಹೆಸರನ್ನು ಅಂಟಿಸಿ, ಇಡೀ ಸಮುದಾಯವನ್ನೇ ಅಪರಾಧಿಯಂತೆ ಕಂಡವರು ಯಾರು? ನಿನ್ನ ಹೆಸರು ಕೊಟ್ಟರೆ ನಿನ್ನನ್ನು ಕಾಪಾಡುತ್ತೇವೆ ಎಂದು ಒಂದು ಬಾಯಿ, ನಿನ್ನಿಂದಲೇ ರೋಗ ಬಂತು ಎಂದು ಇನ್ನೊಂದು ಬಾಯಿ. ಹೀಗಿರುವಾಗ ಭಯ ಹುಟ್ಟದೆ ಇನ್ನೇನು ಹುಟ್ಟೀತು?

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೂ ಹೀಗೆಯೇ ಆಗಿತ್ತು. 1897ರಲ್ಲಿ ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಪ್ಲೇಗ್ ರೋಗಿಗಳನ್ನು ಹುಡುಕಿದರು. ಜನರ ಕೋಪ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಹತ್ಯೆಯಲ್ಲಿ ಕೊನೆಗೊಂಡಿತು. ಪ್ಲೇಗ್ 1898ರಲ್ಲಿ ನಮ್ಮ ಬೆಂಗಳೂರಿಗೂ ಬಂತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಪ್ರಯಾಣಿಕರಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ಕೊಟ್ಟು, ನಿಗದಿಯಾದಷ್ಟು ದಿನ ಅಧಿಕಾರಿಗಳ ಮುಂದೆ ಹಾಜರಾಗಬೇಕೆಂಬ ನಿಯಮವಿತ್ತು. ಮನೆಯವರನ್ನು ಎಳೆದೊಯ್ಯುತ್ತಾರೆಂಬ ಭಯಕ್ಕೆ ಜನ ರೋಗಿಗಳನ್ನು ಬಚ್ಚಿಡುತ್ತಿದ್ದರು. ಬಚ್ಚಿಟ್ಟ ಮನೆಯಲ್ಲಿಯೇ ರೋಗ ಹೆಚ್ಚಿತು. ಅಂದಿನ ಪಾಸ್‌ಪೋರ್ಟ್ ಇಂದು ಮೊಬೈಲ್ ಆಗಿದೆ, ಮನುಷ್ಯನ ಭಯ ಮಾತ್ರ ಹಳೆಯದೇ.

ಸತ್ಯ ಕೇಳುವವನ ಕರ್ತವ್ಯ

ಹಾಗಾದರೆ ತಪ್ಪು ಇಬ್ಬರದೂ ಎಂದು ಕೈತೊಳೆದುಕೊಳ್ಳೋಣವೇ? ಬೇಡ. ನನಗೆ ತೋರುವ ಮಾತು ಇದು: ಇನ್ನೊಬ್ಬನಿಂದ ಸತ್ಯ ಕೇಳುವವನು ಆ ಸತ್ಯವನ್ನು ಕಾಪಾಡುವ ಹೊಣೆಯನ್ನೂ ಹೊರಬೇಕು. ಹೇಳುವವನ ಪ್ರಾಮಾಣಿಕತೆ, ಕೇಳುವವನ ಗುಟ್ಟು ಕಾಯುವಿಕೆ, ಇವು ಗಾಡಿಯ ಎರಡು ಚಕ್ರಗಳಿದ್ದಂತೆ. ಒಂದು ಕಳಚಿದರೂ ಗಾಡಿ ನಿಲ್ಲುತ್ತದೆ.

ಕಥೋಲಿಕರಾದ ನಮಗೆ ಇದು ಬೇಗ ಅರ್ಥವಾಗಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಈ ಮುದ್ರೆ ಇಲ್ಲದಿದ್ದರೆ ಯಾರು ತಾನೇ ಬಂದು ಮೊಣಕಾಲೂರುತ್ತಿದ್ದರು? ರೋಗದ ಮಾಹಿತಿಗೆ ಇಷ್ಟು ಕಠಿಣವಾದ ಮುದ್ರೆ ಸಾಧ್ಯವಿಲ್ಲ ನಿಜ, ಏಕೆಂದರೆ ಇತರರನ್ನು ಎಚ್ಚರಿಸಲೇಬೇಕು. ಆದರೆ ‘ನೀವು ಸೋಂಕಿತರೊಬ್ಬರ ಹತ್ತಿರ ಇದ್ದಿರಿ, ಪರೀಕ್ಷೆ ಮಾಡಿಸಿಕೊಳ್ಳಿ’ ಎಂದರೆ ಸಾಕು. ಅವರು ಯಾರು, ಯಾವ ಬೀದಿ, ಯಾವ ಜಾತಿ ಎಂದು ಹೇಳುವ ಅಗತ್ಯವಿಲ್ಲ.

ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯವನ್ನು ತೆರೆದು ಕುಷ್ಠರೋಗಿಯ ಪ್ರಸಂಗವನ್ನು ಓದಿ ನೋಡಿ. ಯೇಸುಸ್ವಾಮಿ ಅವನನ್ನು ಮುಟ್ಟಿ ಗುಣಪಡಿಸಿದ ಮೇಲೆ ಎರಡು ಮಾತು ಹೇಳಿದರು. ಯಾಜಕನ ಬಳಿಗೆ ಹೋಗಿ ಮೈ ತೋರಿಸು ಎಂಬುದು ಒಂದು. ಅದು ಅಂದಿನ ಆರೋಗ್ಯ ನಿಯಮ, ಸ್ವಾಮಿ ಅದನ್ನು ತಳ್ಳಿಹಾಕಲಿಲ್ಲ. ಯಾರಿಗೂ ಹೇಳಬೇಡ ಎಂಬುದು ಇನ್ನೊಂದು. ತಪಾಸಣೆಯೂ ಬೇಕು, ಡಂಗುರ ಬೇಡ. ಆದರೆ ಸುದ್ದಿ ಊರೆಲ್ಲ ಹರಡಿತು, ಕೊನೆಗೆ ಊರ ಹೊರಗೆ ನಿರ್ಜನ ಸ್ಥಳದಲ್ಲಿ ಉಳಿಯಬೇಕಾಗಿ ಬಂದದ್ದು ಸ್ವಾಮಿಗೇ!

ಅಧಿಕಾರದಲ್ಲಿರುವವರಿಗೂ ಈ ಮಾತು ಅನ್ವಯಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ನಮ್ಮ ಬೆಂಗಳೂರಿನವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಆ ಹಕ್ಕಿಗೂ ಮಿತಿಯುಂಟು, ಆದರೆ ಆ ಮಿತಿ ಕಾನೂನಿನ ಆಧಾರದಲ್ಲಿ, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಆರೋಗ್ಯ ಸೇತು ಆ್ಯಪ್ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಸೌಲಭ್ಯ ನಿರಾಕರಿಸುವಂತಿಲ್ಲವೆಂದು 2020ರ ಅಕ್ಟೋಬರ್‌ನಲ್ಲಿ, ಜನರ ಒಪ್ಪಿಗೆಯಿಲ್ಲದೆ ಅದರ ಮಾಹಿತಿಯನ್ನು ಹಂಚಬಾರದೆಂದು 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯಂತರ ಆದೇಶಗಳಲ್ಲಿ ಹೇಳಿತು. ಸಿಂಗಪುರದಲ್ಲಿ ‘ಟ್ರೇಸ್‌ಟುಗೆದರ್’ ಮಾಹಿತಿಯನ್ನು ಸಂಪರ್ಕ ಪತ್ತೆಗೆ ಮಾತ್ರ ಬಳಸುತ್ತೇವೆಂದು ಮೊದಲು ಭರವಸೆ ಕೊಟ್ಟಿದ್ದರು. 2021ರ ಜನವರಿಯಲ್ಲಿ, ಅಪರಾಧ ತನಿಖೆಗೆ ಪೊಲೀಸರೂ ಅದನ್ನು ಪಡೆಯಬಹುದೆಂಬುದು ಹೊರಬಿತ್ತು. ಜನ ಬೇಸರಗೊಂಡರು. ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಆಮೇಲೆ ಕಾನೂನು ಮಾಡಿದರು. ಆದರೆ ಮಾತು ತಪ್ಪಿದ ಮೇಲೆ ಮಾಡಿದ ಕಾನೂನಿಗೆ ಮಾತು ಉಳಿಸಿಕೊಂಡಷ್ಟು ಬೆಲೆ ಬರುವುದಿಲ್ಲ.

ಕೆಲವರು ಹೇಳುವುದುಂಟು: ‘ಫಾದರ್, ಆ ಪುಸ್ತಕವನ್ನು ಯಾರೂ ತೆರೆದೂ ನೋಡಲಿಲ್ಲ. ನಾವು ನಿಜ ಬರೆದರೇನು, ಸುಳ್ಳು ಬರೆದರೇನು?’ ಇದರಲ್ಲಿಯೂ ಸತ್ಯವಿದೆ. ರೋಗಿಗಳ ಸಂಖ್ಯೆ ಮಿತಿಮೀರಿದಾಗ ಪ್ರತಿಯೊಬ್ಬರ ಸಂಪರ್ಕವನ್ನೂ ಹುಡುಕುವುದು ಆಗದ ಕೆಲಸವಾಯಿತು. ಉಪಯೋಗಿಸದ ಮಾಹಿತಿಯನ್ನು ಕೇಳುವುದೂ ಒಂದು ಬಗೆಯ ಅಪ್ರಾಮಾಣಿಕತೆಯೇ. ಎಷ್ಟು ಬೇಕೋ ಅಷ್ಟೇ ಕೇಳಬೇಕು, ಕೆಲಸ ಮುಗಿದ ಮೇಲೆ ನಾಶಮಾಡಬೇಕು. ಆದರೆ ಪುಸ್ತಕ ತೆರೆಯುತ್ತಾರೋ ಇಲ್ಲವೋ ಬರೆಯುವವನಿಗೆ ಮುಂಚೆ ಗೊತ್ತಿರುವುದಿಲ್ಲ. ತೆರೆಯಬೇಕಾದ ಆ ಒಂದು ದಿನ ಸುಳ್ಳು ನಂಬರು ಸಿಕ್ಕಿದರೆ ಆ ಪುಸ್ತಕ ಇದ್ದೂ ಇಲ್ಲದ ಹಾಗೆ.

ನಾಳೆಗಾಗಿ

ಇದೆಲ್ಲ ಮುಗಿದ ಕಥೆ ಎನ್ನಬೇಡಿ. ಕ್ಷಯರೋಗ ಇಂದಿಗೂ ನಮ್ಮ ನಡುವೆಯೇ ಇದೆ. 2012ರಿಂದ ಪ್ರತಿಯೊಬ್ಬ ಕ್ಷಯರೋಗಿಯ ಮಾಹಿತಿಯನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ಮನೆಯವರನ್ನೂ ಪರೀಕ್ಷಿಸಿ, ಬೇಕಾದವರಿಗೆ ರೋಗ ಬಾರದಂತೆ ಮಾತ್ರೆ ಕೊಡುತ್ತಾರೆ. ಆದರೂ ಮಗಳ ಮದುವೆ ನಿಂತುಹೋದೀತು, ಕೆಲಸ ಹೋದೀತು, ಬಾಡಿಗೆ ಮನೆ ಖಾಲಿ ಮಾಡಿಸಿಯಾರು ಎಂದು ಹೆದರಿ ಅದನ್ನು ಮುಚ್ಚಿಡುವ ಕುಟುಂಬಗಳುಂಟು. ಆ ಭಯವನ್ನು ಕಳೆಯುವ ಶಕ್ತಿ ಸರ್ಕಾರಕ್ಕಿಂತ ನೆರೆಹೊರೆಯವರಾದ ನಮಗೇ ಹೆಚ್ಚು.

ಆದುದರಿಂದ ಪ್ರಿಯ ಓದುಗರೇ, ಈ ವಾರ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಕೂತಾಗ ಮಕ್ಕಳ ಜೊತೆ ಇದನ್ನು ಮಾತನಾಡಿ. ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದರೆ ಕೂರಿಸಿ, ನೀರು ಕೊಟ್ಟು, ನಿಜ ಹೇಳೋಣ. ಯಾರದೋ ಕಾಯಿಲೆಯ ಸುದ್ದಿ ನಮ್ಮ ಮೊಬೈಲಿಗೆ ಬಂದರೆ ಅದು ಅಲ್ಲಿಗೇ ನಿಲ್ಲಲಿ, ಇನ್ನೊಬ್ಬರಿಗೆ ಕಳಿಸುವುದು ಬೇಡ. ಬಾಡಿಗೆಗೆ ಮನೆ ಕೊಟ್ಟವರು ‘ಕಾಯಿಲೆ ಬಂತೆಂದು ನಿಮ್ಮನ್ನು ಬಿಡಿಸುವುದಿಲ್ಲ, ಹೇಳಿಕೊಳ್ಳಲು ಹೆದರಬೇಡಿ’ ಎಂದು ಇಂದೇ ಒಂದು ಮಾತು ಹೇಳಿಬಿಡಲಿ.

ಸುಳ್ಳು ನಂಬರು ಕೊಟ್ಟರೆ ಪಾಪವೇ ಎಂದು ಕೇಳಿದೆವು. ಹೌದು, ತಪ್ಪು. ಆದರೆ ಸತ್ಯ ಹೇಳಿದವನಿಗೆ ಶಿಕ್ಷೆ ಕಾದಿರುವ ಬೀದಿಯಲ್ಲಿ ಆ ತಪ್ಪಿನ ದೊಡ್ಡ ಪಾಲು ಬೀದಿಯವರದು. ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಹೆದರದೆ ತನ್ನ ನಿಜವಾದ ನಂಬರು ಬರೆಸುವಂತಾದರೆ, ಪಕ್ಕದ ಮನೆಯ ಮುದುಕರು ಉಳಿದಾರು.